ಅತ್ತಿಗೆ ಗೋಡೆಗೆ ತಾಗಿದ ಫೋಟೋ

ನನ್ನ ಅತ್ತಿಗೆಯನ್ನು ಒಮ್ಮೆ ನಾನು ಹೊಗೆ ಮಾಡಿಬಿಟ್ಟಿದ್ದೆ. ಮೊನ್ನೆ ಕಪಾಟಿನಲ್ಲಿ ಆಧಾರ್ ಕಾರ್ಡು ಹುಡುಕುವಾಗ ಆ ಫೋಟೋ ಕೈಗೆ ಬಂತು. ಅದರಲ್ಲಿ ಅಪ್ಪನ ಮೀಸೆಯ ಬಿಳಿ ಕೂದಲನ್ನು ಒಂದೊಂದಾಗಿ ಎಣಿಸಬಹುದು. ಅಪ್ಪನ ಕುರ್ಚಿಯ ಹಿಂದೆ ನಿಂತ ಅತ್ತಿಗೆಗೆ ಮಾತ್ರ ಮೂಗಿಲ್ಲ, ಬಾಯಿಲ್ಲ. ಹಸಿರು ಸೀರೆ ಉಟ್ಟ ಹೊಗೆ! ನೋಡಿದ ಕೂಡಲೇ ಸುರಪುರದ ಫೋಟೋ ಸ್ಟುಡಿಯೋದ ಕಾಕಾ ನೆನಪಾದರು…

ಆ ಫೋಟೋ ತೆಗೆದಾಗ ನಾನು ಆಗಷ್ಟೇ ಶಹಾಪುರದಲ್ಲಿ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊಂಡು, ರಂಗಂಪೇಟೆಯ ಏಕೈಕ ಕಲಾವಿದನೆಂದು ನನ್ನನ್ನು ನಾನೇ ನೇಮಿಸಿಕೊಂಡಿದ್ದೆ. ಐವತ್ತು ಎಂಎಂ ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದರೆ ಹಿಂದಿನದೆಲ್ಲ ಮಸುಕಾಗಿ ಕರಗುತ್ತದೆ ಎಂದು ವಿಡಿಯೋ ನೋಡಿ ಕಲಿತಿದ್ದೆ. ಹಿಂದೆ ಮನುಷ್ಯರು ನಿಂತಿದ್ದರೆ ಅವರೂ ಕರಗುತ್ತಾರೆ ಎಂದು ಆ ವಿಡಿಯೋದವನು ಹೇಳಿರಲಿಲ್ಲ.

ಅತ್ತಿಗೆ ಮದುವೆಯಾಗಿ ಬಂದು ಮೂರೇ ತಿಂಗಳು. ರಾಮಸಮುದ್ರದಲ್ಲಿ ಅವಳ ತಾಯಿ ಕಾಲು ಮುರಿದು ಮಲಗಿದ್ದಳು. ಬಟನ್ ಫೋನಿನಲ್ಲಿ ಮಗಳು ಎಷ್ಟು ಸಲ ‘ಆರಾಮ ಅದೀನಿ’ ಎಂದರೂ ಆಕೆಗೆ ನಂಬಿಕೆಯಿಲ್ಲ. ಮನೆಯವರೆಲ್ಲರ ಜೊತೆ ನಿಂತ ಫೋಟೋ ಕಳಿಸು, ನೋಡುತ್ತೇನೆ ಎಂದಿದ್ದಳು. ನಾನು ತೆಗೆದೆ. ಸರಿಯಾಗಿ ನೋಡದೆ ದೊಡ್ಡ ಪ್ರಿಂಟನ್ನೂ ಹಾಕಿಸಿ ತಂದೆ.

“ಇರ್ಲಿ ಬಿಡೋ ತಮ್ಮಾ,” ಅಂದಳು ಅತ್ತಿಗೆ. “ಸೀರಿ ನೋಡಿ ಗುರ್ತು ಹಿಡಿತಾಳ ನಮ್ಮವ್ವ.” ನಗುತ್ತಲೇ ಅಂದಳು. ಆದರೆ ಫೋಟೋವನ್ನು ಬೋರಲು ಹಾಕಿಟ್ಟಳು.

ಸ್ಟುಡಿಯೋಕ್ಕೆ ಓಡಿದೆ. ಕಾಕಾ ಭೂತಗನ್ನಡಿ ಹಿಡಿದು ನೋಡಿದರು.

“ಏನಪಾ, ನಿಮ್ಮಪ್ಪನ ಮೀಸಿ ಮ್ಯಾಲ ಅಷ್ಟ್ಯಾಕ ಜೀವ ನಿಂದು?”

“ಪರದೆ ಮ್ಯಾಲಿನ ಫೋಕಸ್ ಚೌಕ ತಾನ ಹೋಗಿ ಅಲ್ಲಿ ಕುಂತದರಿ ಕಾಕಾ.”

“ಅದಕ್ಕೇನ್ ಗೊತ್ತು? ಹತ್ರ ಇದ್ದೋರನ್ನ ಹಿಡಿತದ. ಯಾರು ಬೇಕಂತ ನಿನಗ ಗೊತ್ತಿರಬೇಕು.”

ಹಾಗಾದರೆ ಎಲ್ಲರನ್ನೂ ಒಟ್ಟಿಗೆ ಹಿಡಿಯುವ ಅಗಲದ ಲೆನ್ಸು ಕೊಳ್ಳಲೇ ಎಂದೆ. ಗೋಡೆಯ ಮೇಲೆ, ಅಂಥದ್ದೇ ಲೆನ್ಸಿನಲ್ಲಿ ತಾವು ತೆಗೆದ ಹಳೆಯ ಗ್ರೂಪ್ ಫೋಟೋ ತೋರಿಸಿದರು. ಅಂಚಿಗೆ ನಿಂತ ಹೆಂಗಸಿನ ಮುಖ ಕುಂಬಳಕಾಯಿಯಂತೆ ಅಗಲವಾಗಿತ್ತು.

“ನಮ್ಮಕ್ಕ. ಆರು ವರ್ಷ ನನ್ನ ಕೂಡ ಮಾತಾಡಲಿಲ್ಲ. ಇದ್ದ ಲೆನ್ಸ್ ಸಾಕು, ನೀನ ದೂರ ಸರಿ.”

ಭಾನುವಾರ ಅವರೇ ಮನೆಗೆ ಬಂದರು. ಚೌಕವನ್ನು ಯಾರ ಮುಖಕ್ಕೆ ಇಡುತ್ತಾರೋ ನೋಡೋಣ ಎಂದು ನಾನು ಅವರ ಬೆರಳನ್ನೇ ಕಾಯುತ್ತಿದ್ದೆ. ಕಾಕಾ ಕ್ಯಾಮೆರಾ ಮುಟ್ಟಲೇ ಇಲ್ಲ. ಹನ್ನೊಂದು ಮಂದಿಯ ಕಾಲುಗಳನ್ನು ನೋಡುತ್ತ ನಿಂತರು! ಅಪ್ಪ ಒಮ್ಮೆ ಕೆಮ್ಮಿದ. ಅತ್ತಿಗೆ ಅರ್ಧ ಹೆಜ್ಜೆ ಹಿಂದೆ ಹೋದಳು. ನಮ್ಮಲ್ಲಿ ಸೊಸೆ ಮಾವನ ಕುರ್ಚಿಗೆ ತಾಗಿ ನಿಲ್ಲುವುದಿಲ್ಲ, ಅದು ಮರ್ಯಾದೆ. ನಾನಾಗಿದ್ದರೆ ಮುಂದೆ ಬಾ ಎಂದು ಒದರುತ್ತಿದ್ದೆ. ಕಾಕಾ ಅವಳಿಗೆ ಏನೂ ಹೇಳಲಿಲ್ಲ. ಕಿರಾಣಿ ಅಂಗಡಿಯ ನಮ್ಮಪ್ಪನಿಗೆ ಹೇಳಿದರು:

“ಸಾವ್ಕಾರ್ರ, ಕುರ್ಚಿ ಜರಾ ಹಿಂದಕ್ಕ ತಗೋರಿ.”

ಅಪ್ಪ ಸರಿದ. ಅತ್ತಿಗೆ ಇನ್ನರ್ಧ ಹೆಜ್ಜೆ ಹಿಂದೆ. ಮತ್ತೆ ಕುರ್ಚಿ, ಮತ್ತೆ ಅತ್ತಿಗೆ… ಇಡೀ ಮನೆತನ ಹಿಮ್ಮುಖವಾಗಿ ಅಂಗಳ ದಾಟಿತು. ಕೊನೆಗೆ ಅತ್ತಿಗೆಯ ಬೆನ್ನು ಗೋಡೆಗೆ ತಾಗಿತು.

“ಎಲ್ಲೀತನಕ ಒಯ್ತಿಪಾ ನಮ್ಮನ್ನ?” ಎಂದು ಅಪ್ಪ ಗದರಿದ.

“ಸೊಸಿಗಿ ಜಾಗ ತೀರೋತನಕರಿ.”

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಕಾಕಾ ದೂರ ಹೋಗಿ, ಚೌಕವನ್ನು ಅವಳ ಕಣ್ಣಿಗೇ ಇಟ್ಟು ಒತ್ತಿದರು. “ಲೆನ್ಸಿನ ಕಿಂಡಿ ಸಣ್ಣದು ಮಾಡಿ ಎಂಟಕ್ಕಿಟ್ಟು ಹಿಂದಿನಾಕಿನ್ನ ಹಿಡದ್ರ ಮುಂದಿನೋರೂ ಬರ್ತಾರ, ನೋಡು.” ಎಲ್ಲರೂ ಬಂದರು. ಗೋಡೆಯ ಸ್ವಿಚ್‌ಬೋರ್ಡೂ ಬಂತು.

ಕಾಕಾ ತೀರಿಹೋಗಿ ಎರಡು ವರ್ಷವಾಯಿತು. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ತಾವು ತೆಗೆದ ಫೋಟೋ ರಾಮಸಮುದ್ರಕ್ಕೆ ಹೋಗಿ ಏನಾಯಿತೆಂದು ಅವರು ಎರಡು ಸಲ ಕೇಳಿದ್ದರು. ವಿಚಾರಿಸಿ ಹೇಳುತ್ತೇನೆ ಅಂದಿದ್ದೆ… ವಿಚಾರಿಸಲೇ ಇಲ್ಲ. ಮೊನ್ನೆ ಕಪಾಟಿನ ಮುಂದೆ ನಿಂತು ಕೇಳಿದಾಗ ಅತ್ತಿಗೆ ಹೇಳಿದಳು:

“ನಮ್ಮವ್ವ ಅದನ್ನ ಓಣಿ ಮಂದಿಗೆಲ್ಲಾ ತೋರಿಸ್ಯಾಳ. ‘ಮಾವನ ಬೆನ್ನ ಹಿಂದ ನಿಂತು ಇಷ್ಟು ಹಲ್ಲು ಬಿಡ್ತಾಳಂದ್ರ ನನ್ನ ಮಗಳು ಖರೇನ ಆರಾಮ ಅದಾಳ’ ಅಂದ್ಲಂತ. ಅವತ್ತಿನಿಂದ ಫೋನಿನ್ಯಾಗ ಹೆಂಗದಿ ಅಂತ ಕೇಳೋದ ಬಿಟ್ಟಾಳೋ ತಮ್ಮಾ. ನಿಮ್ಮ ಕಡಿ ಮಳಿ ಆತೇನು ಅಂತಷ್ಟ ಕೇಳ್ತಾಳ.”