ಅತ್ತೆ ಓದುವಷ್ಟು ದೊಡ್ಡ ಅಕ್ಷರ

ಗೆಳೆಯರೇ, ನನ್ನ ಬ್ಲಾಗಿನ ಚೆಂದದ ವೇಷವನ್ನು ಇವತ್ತು ನಮ್ಮ ಅತ್ತೆ ಕಳಚಿಸಿಬಿಟ್ಟರು.

ಅವರು ಕುರಿ ಮೇಯಿಸಿದ ದಿನಗಳ ಬಗ್ಗೆ ನಾನು ಬರೆದದ್ದನ್ನು ತೋರಿಸೋಣವೆಂದು ಯಲ್ಲದಕೆರೆಯಿಂದ ಹಿರಿಯೂರಿನ ಇಂಟರ್‌ನೆಟ್ ಸೆಂಟರಿಗೆ ಕರೆತಂದಿದ್ದೆ. ಕಪ್ಪು ಹಿನ್ನೆಲೆ, ಸಣ್ಣ ಹಳದಿ ಅಕ್ಷರ. ಅದನ್ನು ಆರಿಸಲು ನನಗೆ ಒಂದು ವಾರ ಹಿಡಿದಿತ್ತು. ಐವತ್ತು ದಾಟಿದ ಮೇಲೆ ಸಾಕ್ಷರತಾ ತರಗತಿಯಲ್ಲಿ ಓದು ಕಲಿತ ಅತ್ತೆ, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

"ಏನವ್ವ, ಇರುವೆ ಹರಿದಂಗೈತೆ! ನನ್ ವಿಷ್ಯ ನಾನೇ ಓದಬಾರದಾ?"

"ಬಿಡ್ರಿ ಅತ್ತೆ, ನಾನು ಓದಿ ಹೇಳ್ತೀನಿ."

"ಬ್ಯಾಡ. ಇಷ್ಟು ವರ್ಷ ಬ್ಯಾರೇರು ಓದಿ ಹೇಳಿದ್ದು ಸಾಕು."

ನನಗೆ ನಾಚಿಕೆಯಾಯಿತು. ಸೆಟ್ಟಿಂಗ್ಸಿಗೆ ಹೋಗಿ ಹಿನ್ನೆಲೆಯನ್ನು ಬಿಳಿ, ಅಕ್ಷರವನ್ನು ಕಪ್ಪು ಮಾಡಿದೆ. ಅವರು "ಈಗ ಸರಿ" ಎನ್ನುವವರೆಗೂ ಅಕ್ಷರವನ್ನು ಹಿಗ್ಗಿಸುತ್ತಲೇ ಹೋದೆ. ಅತ್ತೆ ಪರದೆಯ ಮೇಲೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಅರ್ಧ ಗಂಟೆ ಜೋರಾಗಿ ಓದಿದರು. ಮುಗಿದ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನೀ ಬರ್ದಿರೋ ಕುರಿ ಕರೇದಲ್ಲ, ಕೆಂದದು. ತಿದ್ದು" ಎಂದರು.

ತಿದ್ದಿದ್ದೇನೆ. ಅಕ್ಷರ ಮಾತ್ರ ಇನ್ನು ಮುಂದೆ ಇಷ್ಟೇ ದಪ್ಪ ಇರುತ್ತದೆ. ಕಣ್ಣಿಗೆ ಹೊಡೆದಂತಾದರೆ ದಯವಿಟ್ಟು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ.