ಬಿಟ್ಟುಬಿಟ್ಟ ನಲವತ್ತು ಸೆಕೆಂಡು

ಬಂದರಿನ ರಾಡಾರುಗಳಿಗೆ ಅಂಕ ಹಾಕುವುದು ಅವಳ ಕೆಲಸ. ಇದ್ದ ಜಾಗವನ್ನು ತಾನೇ ದಾಖಲಿಸಿಕೊಳ್ಳುವ ಪೆಟ್ಟಿಗೆಯೊಂದನ್ನು ಪರೀಕ್ಷೆಯ ದೋಣಿಯಲ್ಲಿಟ್ಟು ಕಳಿಸುತ್ತಾರೆ. ದೋಣಿ ನಿಜವಾಗಿ ಎಲ್ಲಿತ್ತು, ರಾಡಾರು ಎಲ್ಲಿದೆ ಎಂದಿತು ಎಂದು ಅವಳು ಸೆಕೆಂಡು ಸೆಕೆಂಡಿಗೂ ತಾಳೆ ನೋಡುತ್ತಾಳೆ. ಇಪ್ಪತ್ತು ವರ್ಷದಲ್ಲಿ ಅರ್ಧ ಅಂಕವನ್ನೂ ಧರ್ಮಕ್ಕೆ ಕೊಟ್ಟವಳಲ್ಲ. ಬೆನ್ನ ಹಿಂದೆ 'ಜಿಪುಣಿ ಮೇಡಂ' ಅನ್ನುತ್ತಿದ್ದರು. ಅದು ಕಿವಿಗೆ ಬಿದ್ದರೆ ಒಳಗೊಳಗೇ ಹಿಗ್ಗುತ್ತಿದ್ದಳು.

ಹೊಸ ರಾಡಾರಿನ ಪರೀಕ್ಷೆಗೆ ದೋಣಿ ನಡೆಸಿದವನು ಅವಳ ತಂಗಿಯ ಗಂಡ. ದೋಣಿ ಒಂದು ಹಡಗಿನ ಪಕ್ಕ ಹಾಯ್ದಾಗ ಪರದೆಯ ಮೇಲೆ ಗುರುತಿಗೆಂದು ರಾಡಾರು ಕೊಟ್ಟಿದ್ದ ಎರಡರ ನಂಬರೂ ಅದಲುಬದಲಾದವು. ನಲವತ್ತು ಸೆಕೆಂಡು ಹಾಗೇ ಉಳಿದವು. ಅದನ್ನು ಲೆಕ್ಕಕ್ಕೆ ಹಿಡಿದರೆ ಅಂಕ ತೊಂಬತ್ತೊಂದು. ಪಾಸಿಗೆ ತೊಂಬತ್ತೈದು ಬೇಕು.

"ಪೆಟ್ಟಿಗೆ ಕೆಟ್ಟ ಹೊತ್ತನ್ನ ಬಿಡಬಹುದು ಅಂತ ನಿಯಮಾನೇ ಇದೆಯಲ್ಲ," ಎಂದರು ಮೇಲಧಿಕಾರಿ. "ಕೆಟ್ಟಿತ್ತು ಅಂತ ಬರೀರಿ. ಈ ಸಲಾನೂ ಫೇಲಾದ್ರೆ ನಮ್ಮ ವಿಭಾಗಾನೇ ಮುಚ್ತಾರೆ."

ನಿಯಮ ಇದ್ದದ್ದು ನಿಜ. ಪೆಟ್ಟಿಗೆ ಕೆಟ್ಟದ್ದು ಸುಳ್ಳು. ಅವಳು ಬರೆದಳು. ತೊಂಬತ್ತಾರು ಬಂತು.

"ಅತ್ತಿಗೆ, ಪೆಟ್ಟಿಗೆ ಕೆಟ್ಟಿತ್ತಂತಲ್ಲ? ಅದರ ಹಸಿರು ದೀಪ ಆರಲೇ ಇಲ್ಲ, ನಾನೇ ನೋಡ್ತಿದ್ದೆ," ಎಂದ ತಂಗಿಯ ಗಂಡ, ಊಟಕ್ಕೆ ಕೂತಾಗ.

"ನಿಂಗೇನು ಗೊತ್ತು, ಸುಮ್ನೆ ಊಟ ಮಾಡು."

"ನೀವು ಪಾಸು ಅಂದ್ರೆ ಪಾಸು," ಎಂದು ನಕ್ಕುಬಿಟ್ಟ.

ಎಂಟು ತಿಂಗಳ ಮೇಲೆ, ಮಂಜು ಕವಿದ ಒಂದು ಬೆಳಿಗ್ಗೆ, ಅವನ ದೋಣಿಗೆ ನೀರು ನುಗ್ಗಿತು. ಅದಕ್ಕೆ ತುಸು ಮೊದಲು ಪಕ್ಕದಲ್ಲೇ ಹಡಗೊಂದು ಹಾದುಹೋಗಿತ್ತು. ರಕ್ಷಣೆಯವರು ರಾಡಾರಿನ ಪರದೆಯಲ್ಲಿದ್ದ ಅವನ ನಂಬರಿನ ಬೆನ್ನು ಹತ್ತಿ ಹೋಗಿ ಮುಟ್ಟಿದ್ದು ಆ ಹಡಗನ್ನು. ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವಿಚಾರಣೆಯವರು ಪತ್ರ ಕಳಿಸಿದರು: ಪರೀಕ್ಷೆಯ ದಿನ ಪೆಟ್ಟಿಗೆ ನಿಜವಾಗಿ ಕೆಟ್ಟಿತ್ತೇ? ದೀಪ ನೋಡಿದ್ದವನು ಅವನೊಬ್ಬನೇ. ಹೌದೆಂದು ಬರೆದರೆ ಅವಳ ಕೂದಲು ಕೊಂಕಿಸುವವರೂ ಇರಲಿಲ್ಲ. ಎರಡು ದಿನ ಪತ್ರವನ್ನು ಚೀಲದಲ್ಲೇ ಹೊತ್ತು ತಿರುಗಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮೂರನೆಯ ದಿನ 'ಕೆಟ್ಟಿರಲಿಲ್ಲ' ಎಂದು ಬರೆದು, ಸಹಿ ಹಾಕಿ, ಮೊದಲು ತಂಗಿಯ ಮನೆಗೆ ಹೋದಳು.

ತಂಗಿ ಗಂಡನ ಅಂಗಿಗಳನ್ನು ಮಡಿಸುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು.

"ಮಂಜಿದೆ, ಇವತ್ತು ಬೇಡ ಅಂದೆ ಅಕ್ಕ. ಅತ್ತಿಗೆ ಪಾಸು ಮಾಡಿದ ರಾಡಾರು, ಕಣ್ಮುಚ್ಕೊಂಡು ಹೋಗಬಹುದು ಅಂದ್ರು."

ಇನ್ನೊಂದು ಅಂಗಿ ತೆಗೆದುಕೊಂಡಳು. ಆಮೇಲೆ ತಲೆ ಎತ್ತದೆ ಹೇಳಿದಳು:

"ಆಫೀಸು ಮುಚ್ಚೋ ಹೊತ್ತಾಯ್ತು. ಹೋಗಿ ಕೊಡು."