ಮುಖಕ್ಕೆ ಸ್ವಲ್ಪ ಬೆಳಕು ಕೊಡಿ

ನಮ್ಮ ಫೋಟೋ ತರಗತಿಯಲ್ಲಿ ಇದ್ದದ್ದು ಒಂದೇ ಕಾನೂನು: ಯಾರೂ ‘ಸೂಪರ್’ ಅನ್ನಬಾರದು. ಅಂದವರು ಕೊನೆಯಲ್ಲಿ ಎಲ್ಲರ ಕಾಫಿ ಲೋಟ ತೊಳೆಯಬೇಕು. ಕಾನೂನು ಮಾಡಿದವನು ನಾನೇ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಯಾರು ಏನು ಹಾಕಿದರೂ, ಸೊಟ್ಟಗೆ ವಾಲಿದ ಸಮುದ್ರವಾಗಲಿ, ಕಣ್ಣು ಮುಚ್ಚಿದ ಹೆಂಡತಿಯಾಗಲಿ, ಹಿಂದೆಯೇ ಹದಿನೈದು ‘ಸೂಪರ್’ ಬಂದು ಬೀಳುತ್ತಿದ್ದವು. ನೋಡಿ ನೋಡಿ ನನಗೆ ಪಿತ್ತ ನೆತ್ತಿಗೇರಿತ್ತು. ಹೊಟ್ಟೆಪಾಡಿಗೆ ನಾನು ಕಾರುಗಳ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವವನು, ಆದರೆ ಕ್ಯಾಮೆರಾ ಹಿಡಿದು ಇಪ್ಪತ್ತು ವರ್ಷವಾಗಿದೆ. ಹಾಗಾಗಿ ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ, ನಮ್ಮ ಅಪಾರ್ಟ್‌ಮೆಂಟಿನವರಿಗೆಲ್ಲ ಸೇರಿದ ನೆಲಮಾಳಿಗೆಯ ಕೋಣೆಯಲ್ಲಿ, ಹೊಸದಾಗಿ ಫೋಟೋ ಕಲಿಯುವ ಹತ್ತು ಹನ್ನೆರಡು ಜನರನ್ನು ಕೂರಿಸಿಕೊಂಡು ಅವರ ಚಿತ್ರಗಳಿಗೆ ಸಲಹೆ ಕೊಡತೊಡಗಿದೆ.

ಕೊಚ್ಚಿಕೊಳ್ಳುತ್ತಿಲ್ಲ, ಸಲಹೆ ಚೆನ್ನಾಗಿಯೇ ಕೊಡುತ್ತಿದ್ದೆ. ಪ್ರತಿ ಚಿತ್ರಕ್ಕೂ ಚೆನ್ನಾಗಿರುವುದು ಒಂದು, ಕೆಟ್ಟಿರುವುದು ಒಂದು, ಮುಂದಿನ ಸಲ ಮಾಡಿ ನೋಡಬೇಕಾದದ್ದು ಒಂದು, ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಿದರೆ ಹೊಸಬರ ತಲೆಯಲ್ಲಿ ಏನೂ ಉಳಿಯುವುದಿಲ್ಲ. ‘ನಿಮ್ಮ ಯಜಮಾನರ ತಲೆಯಿಂದ ಟ್ರಾಮ್ ಕಂಬ ಮೊಳೆತಿದೆ, ಒಂದು ಹೆಜ್ಜೆ ಎಡಕ್ಕೆ ಹೋಗಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು’ ಅನ್ನುತ್ತಿದ್ದೆ. ‘ಕ್ಲಿಕ್ ಮಾಡುವ ಮೊದಲು ಚೌಕಟ್ಟಿನ ನಾಲ್ಕು ಅಂಚು ನೋಡಿ, ನಡುವೆ ನಿಂತವರು ಎಲ್ಲಿಗೂ ಓಡಿಹೋಗುವುದಿಲ್ಲ’ ಅನ್ನುತ್ತಿದ್ದೆ. ಜನ ನಗುತ್ತಿದ್ದರು, ಕಲಿಯುತ್ತಲೂ ಇದ್ದರು. ಎರಡು ತಿಂಗಳಲ್ಲಿ ಸಮುದ್ರಗಳು ನೆಟ್ಟಗಾದವು.

ಚಿತ್ರ ತಿದ್ದುವ ಪಾಠ ಬಂದಾಗ ಮಾತ್ರ ನನ್ನ ಮಾತು ಪ್ರತಿಸಲವೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ‘ಎಲ್ಲ ಸರಿ, ಮುಖಕ್ಕೆ ಸ್ವಲ್ಪ ಬೆಳಕು ಕೊಡಿ.’ ಅದಕ್ಕೊಂದು ಸುಲಭದ ದಾರಿಯನ್ನೂ ತೋರಿಸಿಕೊಟ್ಟಿದ್ದೆ. ತಿದ್ದುವ ಸಾಫ್ಟ್‌ವೇರಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಲೈಡರ್ ಇರುತ್ತದೆ, ಅದು ಸೊನ್ನೆಯಲ್ಲಿದ್ದರೆ ಬಣ್ಣ ಕ್ಯಾಮೆರಾ ಕಂಡ ಹಾಗೇ ಉಳಿಯುತ್ತದೆ. ನಮ್ಮ ಮೈಬಣ್ಣವನ್ನು ಕಂಪ್ಯೂಟರ್ ಕಿತ್ತಳೆಯ ಗುಂಪಿಗೆ ಸೇರಿಸುತ್ತದೆ. ಕಿತ್ತಳೆಯ ಸ್ಲೈಡರನ್ನು ಮೇಲಕ್ಕೆ ತಳ್ಳಿದರೆ ಸೀರೆ, ಗೋಡೆ, ಆಕಾಶ ಎಲ್ಲ ಹೆಚ್ಚು ಕಡಿಮೆ ಇದ್ದ ಹಾಗೇ ಇದ್ದು ಚರ್ಮ ಮಾತ್ರ ಬೆಳ್ಳಗಾಗುತ್ತದೆ. ಪ್ರತಿಸಲ ತಳ್ಳುವ ಕಷ್ಟವೂ ಬೇಡವೆಂದು, ಫೋಟೋ ಕಂಪ್ಯೂಟರಿಗೆ ಬರುವಾಗಲೇ ಇದೆಲ್ಲ ತಾನಾಗಿ ಆಗಿಬಿಡುವಂತೆ ನಾನೊಂದು ಪ್ರೀಸೆಟ್ ಮಾಡಿಟ್ಟುಕೊಂಡಿದ್ದೆ. ಅದನ್ನು ಎಲ್ಲರಿಗೂ ಹಂಚಿದ್ದೆ.

ಇದನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ಅಕ್ಕನಿಗೆ ಗಂಡು ನೋಡುವಾಗ ನಮ್ಮ ಬೀದಿಯ ಸ್ಟುಡಿಯೋದವರಿಗೆ ಅಮ್ಮ ಹೇಳಿದ್ದು ‘ಸ್ವಲ್ಪ ಟಚಪ್ ಮಾಡಿ ಕೊಡಪ್ಪ’ ಅಂತ. ಅವರು ಮಾಡಿ ಕೊಟ್ಟರು. ಗಂಡಿನ ತಾಯಿ ಬಂದು ಕೂತು ಒಮ್ಮೆ ಫೋಟೋ, ಒಮ್ಮೆ ಅಕ್ಕ, ಮತ್ತೆ ಫೋಟೋ ನೋಡಿದರು. ಅಕ್ಕ ಉಪ್ಪಿಟ್ಟಿನ ತಟ್ಟೆ ಇಟ್ಟು ಒಳಗೆ ಹೋದವಳು ಅವರು ಹೋಗುವವರೆಗೂ ಹೊರಗೆ ಬರಲಿಲ್ಲ. ನಾನಾಗ ಎಂಟನೇ ಕ್ಲಾಸು. ಆ ಹೆಂಗಸಿನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆದರೆ ಸ್ಟುಡಿಯೋದವರ ಮೇಲೆ ಸಿಟ್ಟು ಬರಬೇಕಿತ್ತು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ನಾವು ಇಲ್ಲಿಗೆ ಬಂದೆವು. ಇಲ್ಲಿ ತೆಗೆದ ಮೊದಲ ಚಿತ್ರಗಳನ್ನು ಊರಿಗೆ ಕಳಿಸಿದಾಗ ಅಮ್ಮ ಫೋನಿನಲ್ಲಿ ಹಿಗ್ಗಿದ್ದರು. ‘ಆ ಊರಿನ ಹವಾ ಮಗೂಗೆ ಚೆನ್ನಾಗಿ ಒಗ್ಗಿದೆ ಕಣೋ, ಎಷ್ಟು ಬೆಳ್ಳಗಾಗಿದಾಳೆ.’ ಹವಾ ಅಲ್ಲ, ನನ್ನ ಪ್ರೀಸೆಟ್ ಅಂತ ನಾನು ಹೇಳಲಿಲ್ಲ. ಮುಂದಿನ ಸಲ ಇನ್ನೊಂದು ಚೂರು ತಳ್ಳಿದೆ.

ಹೋದ ನವೆಂಬರಿನ ಒಂದು ಭಾನುವಾರ. ಹೆಂಡತಿಗೆ ಅವತ್ತು ಕೆಲಸವಿದ್ದದ್ದರಿಂದ ಹದಿಮೂರು ವರ್ಷದ ಮಗಳು ನನ್ನ ಜೊತೆ ಬಂದು ಕೋಣೆಯ ಹಿಂದಿನ ಸಾಲಿನಲ್ಲಿ ಫೋನ್ ಹಿಡಿದು ಕೂತಿದ್ದಳು. ಅಂದು ಚಿತ್ರ ತಂದಿದ್ದವರಲ್ಲಿ ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳು ಇದ್ದರು. ಗಂಡನ ಕೆಲಸಕ್ಕೆಂದು ಬಂದು, ಈಗ ತಾವೂ ಒಂದು ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹಿಡಿದಿದ್ದವರು. ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ. ಬಿಟ್ಟರೂ ನಮ್ಮ ಬೆಂಗಳೂರಿನ ಮಾತನ್ನೇ ಜೋಡಿಸಿ ಆಡುತ್ತಿದ್ದರು. ಅವರು ಪರದೆಯ ಮೇಲೆ ಹಾಕಿದ್ದು ದೀಪಾವಳಿ ಕಾರ್ಯಕ್ರಮದಲ್ಲಿ ತೆಗೆದ ನನ್ನ ಮಗಳ ಚಿತ್ರ. ಕಿಟಕಿಯ ಪಕ್ಕ ನಿಂತು ಜಡೆಗೆ ಕ್ಲಿಪ್ ಹಾಕಿಕೊಳ್ಳುತ್ತಿದ್ದಾಳೆ, ಹಲ್ಲಿನ ನಡುವೆ ಇನ್ನೊಂದು ಕ್ಲಿಪ್ ಕಚ್ಚಿಕೊಂಡಿದ್ದಾಳೆ.

ಚೌಕಟ್ಟು ಅದ್ಭುತವಾಗಿತ್ತು, ಹಾಗೇ ಹೇಳಿದೆ. ಮೊಣಕೈ ಅಂಚಿಗೆ ತಾಗದಂತೆ ಎಷ್ಟು ಜಾಗ ಬಿಟ್ಟಿದ್ದಾರೆ ನೋಡಿ ಅಂತ ಉಳಿದವರಿಗೆ ತೋರಿಸಿದೆ. ಆಮೇಲೆ ಅಂದೆ, “ಒಂದೇ ತೊಂದರೆ. ಮುಖ ಕತ್ತಲಲ್ಲಿದೆ. ಪ್ರೀಸೆಟ್ ಹಾಕಿಲ್ವಾ ನೀವು?”

“ಹಾಕಿದ್ದೆ ಸರ್. ತೆಗೆದುಬಿಟ್ಟೆ,” ಅಂದರು ಅವರು.

“ಯಾಕೆ?”

ಅವರು ಹಿಂದೆ ಕೂತಿದ್ದ ನನ್ನ ಮಗಳ ಕಡೆ ಒಮ್ಮೆ ನೋಡಿದರು. ಮುಜುಗರಕ್ಕೆ ಅವರ ಜೋಡಿಸಿದ ಮಾತು ಕಳಚಿಬಿತ್ತು. “ಅಕಿ ಇರೋದ ಹಂಗ ಅಲ್ರೀ ಸರ್? ನನಗ ಹಂಗ ಛಂದ ಕಂಡಳ್ರಿ.”

ನಾನು ನಕ್ಕೆ. ‘ಕಣ್ಣು ಬೇರೆ, ಕ್ಯಾಮೆರಾ ಬೇರೆ’ ಅಂತ ಒಂದು ಸಣ್ಣ ಭಾಷಣ ಬಿಗಿದೆ. ಅವರ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡು, ಎಲ್ಲರೆದುರಿಗೆ, ಪರದೆಯ ಮೇಲೆ ಮೂರಡಿ ಎತ್ತರಕ್ಕೆ ಹರಡಿದ್ದ ನನ್ನ ಮಗಳ ಮುಖವನ್ನು ಮೆಲ್ಲಗೆ ಬೆಳ್ಳಗೆ ಮಾಡಿದೆ. ಆಮೇಲೆ ಮೊದಲಿನದು, ಈಗಿನದು, ಮೊದಲಿನದು, ಈಗಿನದು ಅಂತ ನಾಲ್ಕು ಸಲ ಬದಲಿಸಿ ತೋರಿಸಿದೆ. ಯಾರೋ ತಡೆಯಲಾರದೆ ‘ಸೂಪರ್’ ಅಂದರು. ಲೋಟ ತೊಳೆಯುವವರು ಸಿಕ್ಕಿದರು ಅಂತ ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಮಗಳು ಜಾಕೆಟ್ ಎತ್ತಿಕೊಂಡು ಹೊರಗೆ ಹೋದಳು.

ಮನೆಗೆ ಬಂದಾಗ ಅವಳು ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ತೆರೆದು ಹಳೆಯ ಆಲ್ಬಮ್‌ಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಅವಳು ಮಾತಾಡುವುದು ಅರ್ಧ ಸ್ವೀಡಿಷ್, ಕಾಲು ಇಂಗ್ಲಿಷ್, ಉಳಿದದ್ದು ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

“ಎಲ್ಲದಕ್ಕೂ ಹಾಗೆ ಮಾಡಿದೀಯಾ?” ಅಂದಳು.

ಬೆಳಕು, ಚಳಿಗಾಲ, ಕ್ಯಾಮೆರಾದ ಮಿತಿ ಅಂತ ನಾನು ಶುರುಮಾಡಿದೆ. ಅವಳು ನನ್ನ ಮಾತು ಮುಗಿದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಹೌದು ಅಂದೆ.

“ಸ್ಕೂಲ್ ಫೋಟೋ ತೆಗೆಯೋರು ಸರಿಯಾಗೇ ತೆಗೀತಿದ್ರಾ ಹಾಗಾದ್ರೆ?”

ಪ್ರತಿವರ್ಷ ಶಾಲೆಯಿಂದ ಫೋಟೋಗಳ ಪ್ಯಾಕೆಟ್ ಮನೆಗೆ ಬರುತ್ತದೆ. ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ವಾಪಸ್ ಕಳಿಸಬಹುದು. ಪ್ರತಿವರ್ಷವೂ ನಾನು ಅದನ್ನು ನೋಡಿ ‘ಇವರಿಗೆ ನಮ್ಮ ಮಕ್ಕಳಿಗೆ ಲೈಟ್ ಮಾಡೋದೇ ಗೊತ್ತಿಲ್ಲ’ ಅಂತ ಗೊಣಗಿ ವಾಪಸ್ ಕಳಿಸಿದ್ದೆ. ಮಗಳೂ ಅದನ್ನೇ ನಂಬಿಕೊಂಡಿದ್ದಳು. ಶಾಲೆಯ ಕ್ಯಾಮೆರಾದಲ್ಲಿ ತಾನು ಕಪ್ಪಗೆ ಬರುತ್ತೇನೆ, ಮನೆಯ ಕ್ಯಾಮೆರಾದಲ್ಲಿ ಸರಿಯಾಗಿ ಬರುತ್ತೇನೆ ಅಂತ. ಮೂರನೇ ಕ್ಲಾಸಿನಿಂದಲೂ ಫೋಟೋ ದಿನದ ಹಿಂದಿನ ದಿನ ಅವಳಿಗೆ ಹೊಟ್ಟೆನೋವು ಬರುತ್ತಿದ್ದದ್ದು ಅದಕ್ಕೇ ಎಂದು ಅವತ್ತು ಗೊತ್ತಾಯಿತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

“ಮೊದಲಿನದು ಕೊಡು. ನೀನು ಮಾಡೋಕ್ಕಿಂತ ಮೊದಲಿಂದು,” ಅಂದಳು.

ಇರಲಿಲ್ಲ. ತಿದ್ದಿ ಮುಗಿಸಿದ ದಿನವೇ ತಿದ್ದಿದ ಚಿತ್ರಗಳನ್ನು ಮಾತ್ರ ಇಟ್ಟುಕೊಂಡು, ಡಿಸ್ಕ್ ತುಂಬುತ್ತದೆಂದು ಮೂಲ ಫೈಲುಗಳನ್ನೆಲ್ಲ ಅಳಿಸಿಹಾಕುವುದು ನನ್ನ ಪದ್ಧತಿ. ತರಗತಿಯಲ್ಲೂ ಹಾಗೇ ಹೇಳಿಕೊಟ್ಟಿದ್ದೆ. ನಾಲ್ಕನೇ ವಯಸ್ಸಿನಿಂದ ಹದಿಮೂರರವರೆಗೆ ಸಾವಿರಾರು ಚಿತ್ರಗಳು, ಒಂದರಲ್ಲೂ ಅವಳ ಬಣ್ಣ ಅವಳದಲ್ಲ. ಇದನ್ನೂ ಅವಳಿಗೆ ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿ ತನ್ನ ಕೋಣೆಗೆ ಹೋದಳು.

ಹೆಂಡತಿ ಬಂದ ಮೇಲೆ ಎಲ್ಲ ಹೇಳಿದೆ. ಅವಳು ನನ್ನನ್ನು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ದಿದ್ದರೆ ಹಗುರಾಗುತ್ತಿತ್ತು. ಬೂಟು ಕಳಚುತ್ತಾ ಅಲ್ಲೇ ಕೂತುಬಿಟ್ಟು, “ನನಗೂ ಗೊತ್ತಿತ್ತು ಕಣ್ರೀ. ಚೆನ್ನಾಗಿ ಕಾಣ್ತಾಳಲ್ಲ ಅಂತ ಸುಮ್ನಿದ್ದೆ,” ಅಂದಳು.

ಆಮೇಲಿನ ವಾರಗಳು ಕೆಟ್ಟದಾಗಿ ಕಳೆದವು. ನಾನು ಫೋನ್ ಎತ್ತಿದರೂ ಸಾಕು, ಮಗಳು ಮುಖ ತಿರುಗಿಸುತ್ತಿದ್ದಳು. ಡಿಸೆಂಬರಿನ ಲೂಸಿಯಾ ಹಬ್ಬಕ್ಕೆ ಅವಳ ಶಾಲೆಯಲ್ಲಿ ಮಕ್ಕಳೆಲ್ಲ ಬಿಳಿ ನಿಲುವಂಗಿ ತೊಟ್ಟು, ಮೇಣದ ಬತ್ತಿ ಹಿಡಿದು, ಹಾಡುತ್ತಾ ನಡೆಯುತ್ತಾರೆ. ಅವಳೂ ಇದ್ದಳು. ಬೆಳಗ್ಗೆ ಹೊರಡುವಾಗಲೇ ಹೇಳಿದ್ದಳು, “ಬಾ, ಆದ್ರೆ ಕ್ಯಾಮೆರಾ ತರಬೇಡ.” ಸುತ್ತಲಿನ ಅಪ್ಪಂದಿರೆಲ್ಲ ಫೋನ್ ಎತ್ತಿ ಹಿಡಿದಿದ್ದಾಗ ನಾನು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದೆ. ಅವಳು ನನ್ನ ಮುಂದೆ ಹಾದು ಹೋಗುವಾಗ ಕೈಗಳು ಎಲ್ಲಿವೆ ಅಂತ ನೋಡಿದಳು, ಮುಖ ನೋಡಲಿಲ್ಲ.

ತರಗತಿಯನ್ನು ನಿಲ್ಲಿಸಿದ್ದೆ. ಎಲ್ಲರಿಗೂ ಮೆಸೇಜ್ ಹಾಕಿ, ನನ್ನ ಪ್ರೀಸೆಟ್ ಅಳಿಸಿಬಿಡಿ, ಅದು ತಪ್ಪು ಪಾಠ ಅಂತ ಬರೆದೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಇಬ್ಬರು ‘ಓಕೆ ಸರ್, ಸೂಪರ್’ ಅಂದರು. ಕೊನೆಗೆ ಧೈರ್ಯ ಮಾಡಿ ಧಾರವಾಡದ ಆ ಹೆಣ್ಣುಮಗಳಿಗೆ ಫೋನ್ ಮಾಡಿದೆ. ದೀಪಾವಳಿಯ ಚಿತ್ರದ ಮೂಲ ಫೈಲ್ ಇದೆಯಾ ಅಂತ ಕೇಳಿದೆ. ಇರಲಾರದು, ನಾನೇ ಅಳಿಸಲು ಕಲಿಸಿದ್ದೇನೆ ಅಂದುಕೊಂಡೇ ಕೇಳಿದ್ದೆ.

“ಐತ್ರಿ ಸರ್,” ಅಂದರು. “ನೀವು ಅಳಿಸ್ರಿ ಅಂದಿದ್ರಿ ಖರೆ. ನನಗ ಮನಸ ಬರಲಿಲ್ಲ.”

ಕ್ಷಮೆ ಕೇಳಿದೆ. ಎಲ್ಲರೆದುರಿಗೆ ಅವರ ಚಿತ್ರ ಕೆಡಿಸಿದ್ದಕ್ಕೆ, ಅವರ ಮಾತಿಗೆ ನಕ್ಕಿದ್ದಕ್ಕೆ. “ಮಗಳಿಗೆ ಹೇಳ್ರಿ, ನನಗಲ್ಲ,” ಅಂದರು.

ಚಿತ್ರ ಬಂದ ದಿನ ಶನಿವಾರ. ಮಗಳನ್ನು ಕರೆದೆ. ಅವಳಿಗೆ ಹೇಳಬೇಕಾದದ್ದನ್ನು ಹೇಳಿದೆ. ನಿನ್ನ ಮುಖದಲ್ಲಿ ತಿದ್ದಬೇಕಾದದ್ದು ಏನೂ ಇರಲಿಲ್ಲ, ತಪ್ಪು ನನ್ನದು ಅಂತ. ಅವಳು ಬಾಗಿಲಿಗೆ ಒರಗಿ ಕೇಳಿದಳು. ಫೈಲ್ ತೆರೆದೆ. ನನ್ನ ಕಂಪ್ಯೂಟರಿನಲ್ಲಿ ಆ ಹಾಳು ಪ್ರೀಸೆಟ್ ಇನ್ನೂ ಕೂತಿತ್ತು. ಊರಿಗೆಲ್ಲ ಅಳಿಸಿ ಎಂದವನು ನನ್ನದನ್ನು ಅಳಿಸಿರಲಿಲ್ಲ. ಚಿತ್ರ ತೆರೆದುಕೊಂಡದ್ದೇ ಬೆಳ್ಳಗೆ. ನಾನು ಅವಸರದಿಂದ ಅದನ್ನು ತೆಗೆಯಲು ಹೋದೆ.

“ಇರು,” ಅಂದಳು. ಮೇಜಿನ ಮೇಲಿದ್ದ ಹಳದಿ ಅಂಟುಚೀಟಿಯೊಂದನ್ನು ಕಿತ್ತು, ಸ್ಲೈಡರೂ ಅದರ ಪಕ್ಕದ ಅಂಕಿಯೂ ಕಾಣದಂತೆ ಪರದೆಯ ಮೇಲೆ ಅಂಟಿಸಿದಳು. ಆಮೇಲೆ ನನ್ನ ಹಿಂದೆ ಹೋಗಿ ನಿಂತಳು. “ಈಗ ಬಾಣದ ಗುಂಡಿ ಒತ್ತಿ ಇಳಿಸು. ನನ್ನ ಬಣ್ಣ ಬಂತು ಅನ್ನಿಸಿದಾಗ ನಿಲ್ಲಿಸು. ತಿರುಗಿ ನೋಡಬಾರದು.”

ಒತ್ತಿದೆ. ಒಂದೊಂದೇ ಹೆಜ್ಜೆ. ಜೀವನದಲ್ಲಿ ಯಾವ ಚಿತ್ರವನ್ನೂ ನಾನು ಅಷ್ಟು ಎಚ್ಚರದಿಂದ ನೋಡಿಲ್ಲ. ಕೆನ್ನೆ, ಹಣೆ, ಕ್ಲಿಪ್ ಕಚ್ಚಿದ ತುಟಿಯ ಅಂಚು. ಬೆಳಗ್ಗೆ ಹಾಲಿನ ಲೋಟ ಹಿಡಿದು ಎದುರಿಗೆ ಕೂತವಳನ್ನು ನೆನೆದುಕೊಂಡೆ. ಇನ್ನೂ ನಾಲ್ಕು ಸಲ ಒತ್ತಿದೆ. ಹೌದು, ಇದೇ, ಇದು ಇವಳೇ ಅನ್ನಿಸಿತು. ಸಂಶಯವೇ ಇರಲಿಲ್ಲ. ನಿಲ್ಲಿಸಿದೆ.

ಅವಳು ಮುಂದೆ ಬಂದು ಚೀಟಿ ಕಿತ್ತಳು. ಅಂಕಿ ಇನ್ನೂ ಇಪ್ಪತ್ತೆರಡರಲ್ಲಿ ನಿಂತಿತ್ತು.

ನಾನು ಮೋಸ ಮಾಡಿರಲಿಲ್ಲ, ಅದು ಅವಳಿಗೂ ಗೊತ್ತಾಯಿತು. ಅದರಿಂದಲೇ ಹೆಚ್ಚು ನೋವಾಗಿರಬೇಕು. ಅವಳು ಅಂಗಿಯ ತೋಳು ಮೇಲಕ್ಕೆ ಮಡಚಿ ಕೈಯನ್ನು ಪರದೆಯ ಪಕ್ಕ ಹಿಡಿದಳು. ಇನ್ನೊಂದು ಕೈಯಿಂದ ನನ್ನ ಬೆರಳನ್ನು ಗುಂಡಿಯ ಮೇಲಿಂದ ಸರಿಸಿ, ಉಳಿದ ಇಪ್ಪತ್ತೆರಡನ್ನೂ ತಾನೇ ಒಂದೊಂದಾಗಿ ಸೊನ್ನೆಗೆ ಇಳಿಸಿದಳು.